ನೂರು ಜನರ ರಂಗಶಾಲೆ ಸಾಕು

ಗಡಿನಾಡಿನ ಕನ್ನಡ ಸಂಘಗಳು ಸಭೆ ಸೇರಿದಲ್ಲೆಲ್ಲ ಒಂದು ಬೇಡಿಕೆ ತಪ್ಪದೆ ಕೇಳಿಬರುತ್ತದೆ: ‘ನಮಗೊಂದು ಭವ್ಯವಾದ ಕನ್ನಡ ಭವನ ಬೇಕು, ಸಾವಿರ ಜನ ಕೂಡುವ ಸಭಾಂಗಣ ಬೇಕು.’ ಇದರ ಹಿಂದಿರುವ ಅಭಿಮಾನಕ್ಕೆ ನಾವು ತಲೆಬಾಗುತ್ತೇವೆ. ಬೇಡಿಕೆಗೆ ಮಾತ್ರ ತಲೆಬಾಗಲಾರೆವು. ರಾಯದುರ್ಗಕ್ಕಾಗಲಿ ಮಡಕಶಿರಕ್ಕಾಗಲಿ ಮೊದಲು ಬೇಕಾದುದು, ನೂರು ಜನ ಕುಳಿತು ನಾಟಕ ನೋಡಬಹುದಾದ ಒಂದು ಸಣ್ಣ ರಂಗಶಾಲೆ. ಹೀಗೆಂದೊಡನೆ ಹುಬ್ಬು ಗಂಟಿಕ್ಕುವ ಮಿತ್ರರು ನಮ್ಮ ವಾದವನ್ನು ಕೊನೆಯವರೆಗೆ ಕೇಳಬೇಕೆಂದು ಪ್ರಾರ್ಥನೆ.

ದೊಡ್ಡ ಸಭಾಂಗಣದಲ್ಲಿ ನಡೆಯುವುದೇನೆಂಬುದನ್ನು ನಾವೆಲ್ಲರೂ ಬಲ್ಲೆವು. ನವೆಂಬರ್ ತಿಂಗಳಲ್ಲೊಂದು ದಿನ ಬಾವುಟ, ಹಾರ ತುರಾಯಿ, ಅಧ್ಯಕ್ಷ ಭಾಷಣ, ಎಲ್ಲಕ್ಕೂ ಮಿಗಿಲಾಗಿ ಧ್ವನಿವರ್ಧಕ. ಮಿಕ್ಕ ದಿನಗಳಲ್ಲಿ ಬಾಗಿಲಿಗೆ ಬೀಗ, ಇಲ್ಲವೇ ಮದುವೆಗೆ ಬಾಡಿಗೆ. ಆ ಒಂದು ದಿನವೂ ಮಕ್ಕಳ ಕಿವಿಗೆ ಬೀಳುವುದು ಜಯಕಾರದ ಕನ್ನಡ.

ನಮ್ಮ ಕನ್ನಡ ಶಾಲೆಯ ಹುಡುಗನ ಸ್ಥಿತಿಯನ್ನು ಉಪಾಧ್ಯಾಯ ಮಿತ್ರರು ಒಮ್ಮೆ ಯೋಚಿಸಬೇಕು. ಮನೆಯಲ್ಲಿ ಅವನಾಡುವುದು ತೆಲುಗು ಬೆರೆತ ಕನ್ನಡ. ಅದು ತಾಯಿಯ ಬಾಯಿಂದ ಬಂದದ್ದು. ಅದನ್ನು ನಾವು ಹಳಿಯುವುದಿಲ್ಲ. ಶಾಲೆಯಲ್ಲಿರುವುದು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಪುಸ್ತಕದ ಕನ್ನಡ. ವೇದಿಕೆಯ ಮೇಲಿನದು ಕೂಗುವ ಕನ್ನಡ. ಮನುಷ್ಯನು ಸಂಕಟಪಡುವಾಗ, ಅನುಮಾನಿಸುವಾಗ, ತಪ್ಪೊಪ್ಪಿಕೊಳ್ಳುವಾಗ, ಮುನಿದ ತಂಗಿಯನ್ನು ಸಮಾಧಾನಪಡಿಸುವಾಗ ಆಡುವ ಕನ್ನಡವನ್ನು ತುಂಬುಮಾತಿನಲ್ಲಿ ಅವನು ಎಲ್ಲಿ ಕೇಳಬೇಕು? ಮೆಲುದನಿಯಲ್ಲಿ ಆಡಲಾಗದ ಭಾಷೆ ಬಹುಕಾಲ ಬಾಳದು. ಆ ಮೆಲುದನಿಗೆ ಸಣ್ಣ ರಂಗಶಾಲೆಗಿಂತ ಒಳ್ಳೆಯ ಮನೆಯನ್ನು ನಾವು ಕಾಣೆವು.

ಇದು ಬಡತನವನ್ನು ಮುಚ್ಚಿಕೊಳ್ಳಲು ಹೂಡಿದ ವಾದವೆಂದು ಯಾರೂ ಭಾವಿಸಬಾರದು. ಮೈಸೂರಿನ ರಂಗಾಯಣವನ್ನು ನೋಡಿ. 1989ರಲ್ಲಿ ಬಿ. ವಿ. ಕಾರಂತರ ನಿರ್ದೇಶಕತ್ವದಲ್ಲಿ ಆರಂಭವಾದ ಈ ಸಂಸ್ಥೆ ಇರುವುದು ವಿಶಾಲವಾದ ಕಲಾಮಂದಿರದ ಆವರಣದಲ್ಲಿಯೇ. ದೊಡ್ಡ ಸಭಾಂಗಣ ಕೈಯಳತೆಯಲ್ಲಿದ್ದರೂ ರಂಗಾಯಣದವರು ‘ಭೂಮಿಗೀತ’ವೆಂಬ ಸಣ್ಣ ರಂಗಮಂದಿರವನ್ನೂ ‘ವನರಂಗ’ವೆಂಬ ಬಯಲು ರಂಗಮಂದಿರವನ್ನೂ ತಮ್ಮದಾಗಿ ಮಾಡಿಕೊಂಡರು. ಭೂಮಿಗೀತದಲ್ಲಿ ನಟನಿಗೂ ಪ್ರೇಕ್ಷಕನಿಗೂ ನಡುವೆ ಕೆಲವೇ ಹೆಜ್ಜೆಗಳ ಅಂತರ. ನಟನ ಹಣೆಯ ಬೆವರು ಕಾಣುತ್ತದೆ. ಮಾತಿನ ನಡುವೆ ಅವನು ತಡೆದು ನಿಂತರೆ ಆ ಮೌನವೂ ಕೇಳಿಸುತ್ತದೆ. ಬೇಸಗೆಯ ರಜೆಯಲ್ಲಿ ಅದೇ ರಂಗಾಯಣದ ಚಿಣ್ಣರ ಮೇಳ ಮಕ್ಕಳನ್ನು ರಂಗಕ್ಕೆ ಕರೆತರುತ್ತದೆ. ರಂಗಾಯಣಕ್ಕೆ ಸರ್ಕಾರದ ಆಶ್ರಯವಿದೆ, ಸಂಬಳದ ಕಲಾವಿದರಿದ್ದಾರೆ. ನಮಗೆ ಎರಡೂ ಇಲ್ಲ, ನಿಜ. ಅವರಿಂದ ನಾವು ಎರವಲು ಕೇಳುವುದು ಹಣವನ್ನಲ್ಲ, ಅಳತೆಯನ್ನು.

ಹೊರನಾಡಿನ ಸಾಕ್ಷಿ ಬೇಕೆನ್ನುವವರಿಗೆ ಸ್ವೀಡನ್ ದೇಶವಿದೆ. ಜಗತ್ಪ್ರಸಿದ್ಧ ನಾಟಕಕಾರ ಸ್ಟ್ರಿಂಡ್‌ಬರ್ಗ್ 1907ರಲ್ಲಿ ನಟ ಫಾಲ್ಕನೊಡಗೂಡಿ ಸ್ಟಾಕ್‌ಹೋಮಿನಲ್ಲಿ ತೆರೆದ ‘ಆಪ್ತ ರಂಗಶಾಲೆ’ಯಲ್ಲಿದ್ದ ಆಸನಗಳು 161 ಮಾತ್ರ. ಅಷ್ಟು ದೊಡ್ಡ ಹೆಸರಿಗೆ ಅಷ್ಟು ಸಣ್ಣ ಮನೆ ಅವಮಾನವೆನಿಸಲಿಲ್ಲ.

‘ಬಯಲಾಟದ ಸೀಮೆ ನಮ್ಮದು; ಊರಿಗೆ ಊರೇ ಕೂಡಿ ಬೆಳಗಿನವರೆಗೆ ನೋಡಿದ ಜನಕ್ಕೆ ನೂರು ಜನರ ಕೋಣೆಯೇ?’ ಎಂದು ಕೆಲವರು ಕೇಳುತ್ತಾರೆ. ಬಯಲಾಟ ಬಯಲಿನಲ್ಲಿಯೇ ಬಾಳಲಿ. ಅದು ಗಂಟಲನ್ನು ಬೆಳೆಸಿತು. ಕಿವಿಯನ್ನು ಬೆಳೆಸುವ ಕೆಲಸ ಉಳಿದಿದೆ.

‘ಇದು ತೆಲುಗು ರಾಜ್ಯ, ಇಲ್ಲಿ ಕನ್ನಡ ರಂಗಶಾಲೆ ಏಕೆ?’ ಎಂಬ ಆಕ್ಷೇಪಕ್ಕೆ ಚರಿತ್ರೆಯೇ ಉತ್ತರ ಹೇಳುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಜಿಲ್ಲೆಯ ಗೆರೆಗಳು ಹೀಗೆ ಸರಿದಾಡುತ್ತವೆ. ರಂಗಭೂಮಿ ಅವುಗಳನ್ನು ಲೆಕ್ಕಿಸಿದ್ದಿಲ್ಲ. ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ 1880ರಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ವಕೀಲರಾಗಿದ್ದ ರಾಘವರು ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಅಭಿನಯಿಸಿದರು. ರಾಗವೆಳೆದು ಪದ್ಯ ಹಾಡುವ ಅಂದಿನ ರೂಢಿಗೆ ಬದಲಾಗಿ ಸಹಜಾಭಿನಯವನ್ನು ಎತ್ತಿಹಿಡಿದವರು ಅವರು. ನಮ್ಮ ರಂಗಶಾಲೆಯ ಬಾಗಿಲೂ ತೆಲುಗು ನೆರೆಯವರಿಗೆ ತೆರೆದಿರಲಿ. ಅವರ ಮಕ್ಕಳು ನಮ್ಮ ನಾಟಕವನ್ನು ನೋಡಲಿ, ನಮ್ಮವರು ಅವರದನ್ನು ನೋಡಲಿ.

ಉಳಿದಿರುವ ಆಕ್ಷೇಪ ಉಪಾಧ್ಯಾಯರದೇ: ‘ನಾಟಕದಿಂದ ಅಂಕ ಬರುವುದಿಲ್ಲ.’ ಈ ಮಾತಿಗೆ ಕೈಲಾಸಂ ಅವರ ‘ಟೊಳ್ಳುಗಟ್ಟಿ’ಗಿಂತ ತಕ್ಕ ಉತ್ತರವುಂಟೆ? ಪರೀಕ್ಷೆಯಲ್ಲಿ ಗೆದ್ದವನು ಟೊಳ್ಳು, ಸೋತವನು ಗಟ್ಟಿ ಎಂದು ತೋರಿದ ಆ ನಾಟಕ ನಡೆಯುವುದು ಒಂದು ಸಾಧಾರಣ ಮನೆಯೊಳಗೆ. ಅಲ್ಲಿಯ ಮಾತು ಇಂಗ್ಲಿಷ್ ಬೆರೆತ ಕನ್ನಡ. ಬೆರಕೆ ಮಾತಿಗೆ ನಾಚುವ ನಮ್ಮ ಮಕ್ಕಳಿಗೆ ಅದೇ ಒಂದು ಧೈರ್ಯ. ಕುವೆಂಪು ಅವರ ‘ಜಲಗಾರ’ಕ್ಕೂ ಆಡಂಬರದ ಪರದೆಗಳು ಬೇಕಿಲ್ಲ. ಗುಡಿಯೊಳಗೆ ಪ್ರವೇಶವಿಲ್ಲದ ಜಲಗಾರನಿಗೆ ಶಿವನು ತಾನೂ ಜಲಗಾರನಾಗಿ ಕಾಣಿಸಿಕೊಳ್ಳುವುದಕ್ಕೆ ಒಂದು ಪೊರಕೆ ಸಾಕು.

ಆದುದರಿಂದ ಸಂಘದ ಮುಂದೆ ನಮ್ಮ ಸೂಚನೆಯಿಷ್ಟೆ. ಭವನದ ನಿಧಿಗೆ ಕಾಯುವುದು ಬೇಡ. ಶಾಲೆಯೊಂದರ ಉದ್ದನೆಯ ಕೋಣೆಯನ್ನು ಕೇಳಿ ಪಡೆಯೋಣ. ಒಂದು ಕೊನೆಯಲ್ಲಿ ಮೊಣಕಾಲೆತ್ತರದ ಜಗುಲಿ, ನೆಲಕ್ಕೆ ಚಾಪೆ, ಎರಡು ದೀಪ. ಧ್ವನಿವರ್ಧಕಕ್ಕೆ ಪ್ರವೇಶವಿಲ್ಲ. ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಮೆಲ್ಲನೆ ಆಡಿದ ಮಾತು ಎಲ್ಲಿಯವರೆಗೆ ಮುಟ್ಟುವುದೋ ಅಲ್ಲಿಗೆ ಕೊನೆಯ ಸಾಲು. ತಿಂಗಳಿಗೊಂದು ಶನಿವಾರ ಸಂಜೆ ಒಂದು ನಾಟಕ, ಆಡಲಾಗದಿದ್ದರೆ ಓದು. ಉಪಾಧ್ಯಾಯರೂ ಪಾತ್ರ ವಹಿಸಬೇಕು, ಮಕ್ಕಳೆದುರು ಮಾತು ಮರೆತು ನಗೆಪಾಟಲಾಗಲೂ ಸಿದ್ಧರಿರಬೇಕು.

ಇಂತಹ ಹನ್ನೆರಡು ಸಂಜೆಗಳು ಕಳೆದ ಮೇಲೂ ಆ ಕೋಣೆ ಸಾಲದೆ ಜನ ಹೊರಗೆ ನಿಂತರೆ, ದೊಡ್ಡ ಭವನಕ್ಕೆ ನಾವೇ ಮೊದಲ ವಂತಿಗೆ ಕೊಡುತ್ತೇವೆ. ಅಲ್ಲಿಯವರೆಗೆ ಚಾಪೆ ಹಾಸೋಣ.