ಕರ್ಮವಲ್ಲ, ಚಿಕಿತ್ಸೆ ಕೇಳಿ


ಎರಡು ವರ್ಷವಾದರೂ ಕೂರಲಾಗದ ಮಗುವನ್ನು ಕಂಡು ‘ಪೂರ್ವಜನ್ಮದ ಕರ್ಮ’ ಎನ್ನುವವರು ಇಷ್ಟಲಿಂಗ ಧರಿಸಿಯೂ ಬಸವಣ್ಣನವರನ್ನು ಧಿಕ್ಕರಿಸುತ್ತಿದ್ದಾರೆ. ಸೆರೆಬ್ರಲ್ ಪಾಲ್ಸಿ ಕರ್ಮಫಲವಲ್ಲ. ಬೆಳೆಯುವ ಮೆದುಳಿಗಾದ ಹಾನಿ. ನನ್ನ ಮೊಮ್ಮಗನಿಗೆ ಅದಿದೆ. ‘ಬೆಳೆದಂತೆ ಸರಿಹೋದೀತು, ಕಾಯಿರಿ’ ಎಂದು ವೈದ್ಯರೊಬ್ಬರು ಸಾಗಹಾಕಿದರು. ಸೇತುವೆ ಕಟ್ಟಿಸಿದವನು ನಾನು. ಬಿರುಕು ಯಾರಿಗಾಗಿಯೂ ಕಾಯುವುದಿಲ್ಲ. ಫಿಸಿಯೋಥೆರಪಿ ಮೊದಲ ವರ್ಷಗಳಲ್ಲೇ ಆರಂಭವಾಗಬೇಕು.

ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ, ಉಚಿತ ಚಿಕಿತ್ಸೆ ಕೊಡಲೆಂದೇ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂದಿದೆ. ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಮಗುವನ್ನು ಒಯ್ಯಿರಿ. ಚಿಕಿತ್ಸಕರ ಹುದ್ದೆ ಖಾಲಿಯಿದ್ದರೆ ಲಿಖಿತವಾಗಿ ಪ್ರಶ್ನಿಸಿ. ಅದು ಭಿಕ್ಷೆಯಲ್ಲ, ಹಕ್ಕು.

ಮಠಗಳೂ ಅನ್ನದಾಸೋಹದ ಜೊತೆಗೆ ಒಂದು ಕೋಣೆ, ಒಬ್ಬ ಫಿಸಿಯೋಥೆರಪಿಸ್ಟ್‌ನ್ನು ಒದಗಿಸಲಿ. ಪಲ್ಲಕ್ಕಿ ಹೊರುವ ಹೆಗಲು ಈ ಮಕ್ಕಳನ್ನೂ ಹೊರಲಿ.