‘ಕಿಮೊ’ ಎಂದರೆ ಸಾಲದು, ಔಷಧದ ಹೆಸರು ಹೇಳಿ

ದುಬೈ, ದೋಹಾ, ಮಸ್ಕತ್‌ಗಳಲ್ಲಿ ದುಡಿಯುವ ನಮ್ಮಲ್ಲಿ ಅನೇಕರು ಊರಿನಲ್ಲಿರುವ ಹೆತ್ತವರ ಕ್ಯಾನ್ಸರ್ ಚಿಕಿತ್ಸೆಯನ್ನು ಫೋನಿನಲ್ಲೇ ನೋಡಿಕೊಳ್ಳುತ್ತೇವೆ. ಬಿಲ್ ಕಟ್ಟುತ್ತೇವೆ, ರಿಪೋರ್ಟ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುತ್ತೇವೆ. ಯಾರಾದರೂ ಕೇಳಿದರೆ ‘ಕಿಮೊ ನಡೀತಿದೆ’ ಎಂದು ಮಾತು ಮುಗಿಸುತ್ತೇವೆ. ಆದರೆ ಡ್ರಿಪ್‌ನಲ್ಲಿ ಹೋಗುವುದೆಲ್ಲ ಕಿಮೊ ಅಲ್ಲ. ಈ ವ್ಯತ್ಯಾಸ ತಿಳಿಯದಿದ್ದರೆ ಜೀವಕ್ಕೇ ಕುತ್ತು ಬರಬಹುದು.

ಪೆಂಬ್ರೊಲಿಝುಮ್ಯಾಬ್, ನಿವೊಲುಮ್ಯಾಬ್‌ನಂಥ ಇಮ್ಯುನೊಥೆರಪಿ ಔಷಧಗಳು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ. ರೋಗನಿರೋಧಕ ವ್ಯವಸ್ಥೆಗಿರುವ ‘ಬ್ರೇಕ್’ ತೆಗೆದು, ದೇಹವೇ ಗಡ್ಡೆಯ ವಿರುದ್ಧ ಹೋರಾಡುವಂತೆ ಮಾಡುತ್ತವೆ. ಈ ದಾರಿ ತೋರಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಈ ಔಷಧಗಳಿಂದ ವರ್ಷಗಟ್ಟಲೆ ಬದುಕಿದವರಿದ್ದಾರೆ. ಹಾಗಾಗಿ ಹೆದರಿ ಚಿಕಿತ್ಸೆ ಬಿಡಿ ಎಂದು ನಾವು ಹೇಳುತ್ತಿಲ್ಲ.

ಬ್ರೇಕ್ ತೆಗೆದ ಮೇಲೆ ಆ ವ್ಯವಸ್ಥೆ ಕೆಲವೊಮ್ಮೆ ಸ್ವಂತ ಅಂಗಗಳ ಮೇಲೂ ತಿರುಗಿಬೀಳುತ್ತದೆ. ತುರಿಕೆ, ಭೇದಿ, ಥೈರಾಯ್ಡ್ ತೊಂದರೆ ಹೆಚ್ಚಾಗಿ ಕಾಣುವಂಥವು. ಹೃದಯ ಸ್ನಾಯುವಿನ ಉರಿಯೂತ, ಅಂದರೆ ಮಯೊಕಾರ್ಡೈಟಿಸ್, ನೂರಕ್ಕೆ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಜನರಿಗೆ ಬರುತ್ತದೆ. ಬಂದವರಲ್ಲಿ ಮಾತ್ರ ಸಾವಿನ ಪ್ರಮಾಣ ಶೇ 25ರಿಂದ 50ರವರೆಗೂ ವರದಿಯಾಗಿದೆ. ಇಂಥ ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟಾಗ ಅಪಾಯ ಹೆಚ್ಚು. ಬಹುತೇಕ ಮೊದಲ 3 ತಿಂಗಳಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಜೊತೆಗೆ ಮೈಯ ಸ್ನಾಯುಗಳ ಉರಿಯೂತವೂ ಮಯಸ್ತೇನಿಯಾ ಎಂಬ ಸ್ನಾಯು ದೌರ್ಬಲ್ಯವೂ ಸೇರಿಕೊಳ್ಳಬಹುದು.

‘ರೆಪ್ಪೆ ಭಾರ’, ‘ಎರಡೆರಡು ಕಾಣುತ್ತೆ’, ‘ಕುರ್ಚಿಯಿಂದ ಏಳೋಕೆ ಆಗಲ್ಲ’, ‘ನುಂಗೋದು ಕಷ್ಟ’, ‘ನಾಲ್ಕು ಮೆಟ್ಟಿಲಿಗೇ ಏದುಸಿರು’. ದೂರದಿಂದ ಕೇಳುವ ನಮಗೆ ಇವೆಲ್ಲ ವಯಸ್ಸಿನ ಸುಸ್ತು ಅನ್ನಿಸುತ್ತವೆ. ‘ಮುಂದಿನ ಡೋಸ್‌ಗೆ ಹೋದಾಗ ಕೇಳೋಣ’ ಎನ್ನುತ್ತೇವೆ. ಇದು ಮೂರು ವಾರ ಕಾಯುವ ಕಾಯಿಲೆಯಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ ಇಸಿಜಿ, ಟ್ರೊಪೋನಿನ್, ಸಿಕೆ ಪರೀಕ್ಷೆ ಮಾಡಿಸಬೇಕು. ಮಯೊಕಾರ್ಡೈಟಿಸ್ ಎಂದು ಗೊತ್ತಾದರೆ ಇಮ್ಯುನೊಥೆರಪಿ ನಿಲ್ಲಿಸಿ, ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಡುತ್ತಾರೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ತಾಲ್ಲೂಕು ಆಸ್ಪತ್ರೆಯ ವೈದ್ಯರು ಟ್ರೊಪೋನಿನ್ ಏರಿದ್ದು ಕಂಡರೆ ಮೊದಲು ಹೃದಯಾಘಾತ ಎಂದೇ ಯೋಚಿಸುತ್ತಾರೆ. ಅದು ಅವರ ತಪ್ಪಲ್ಲ, ನಾವು ಇಮ್ಯುನೊಥೆರಪಿ ಎಂದು ಹೇಳಿರುವುದಿಲ್ಲ. ವಿದೇಶದಲ್ಲಿ ಡೋಸ್ ಪಡೆದು ರಜೆಗೆ ಊರಿಗೆ ಬಂದವರಿಗೂ ಇದೇ ಮಾತು. ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೂ ಅಡ್ಡಪರಿಣಾಮ ಬರಬಹುದು.

ಬ್ರಿಟನ್‌ನಂಥ ದೇಶಗಳಲ್ಲಿ ಇಂಥ ರೋಗಿಗಳಿಗೆ ಪರ್ಸಿನಲ್ಲಿಡುವ ಎಚ್ಚರಿಕೆ ಕಾರ್ಡ್ ಕೊಡುತ್ತಾರೆ. ನಮ್ಮ ಆಸ್ಪತ್ರೆಗಳೂ ಕನ್ನಡದಲ್ಲಿ ಅದನ್ನು ಕೊಡಬೇಕು. ಮೊದಲ ಡೋಸ್‌ಗೆ ಮುನ್ನವೇ ಇಸಿಜಿ, ಟ್ರೊಪೋನಿನ್ ಮಾಡಿಸಿಡಬೇಕೆಂದು ಯುರೋಪಿನ ಹೃದ್ರೋಗ ತಜ್ಞರ ಸಂಘ 2022ರಲ್ಲೇ ಹೇಳಿದೆ. ಅದನ್ನು ನಾವು ಕೇಳಿ ಮಾಡಿಸಬೇಕು.

ಕಾರ್ಡ್ ಸಿಗುವವರೆಗೆ ಔಷಧದ ಹೆಸರು, ಕೊನೆಯ ಡೋಸ್‌ನ ದಿನಾಂಕ, ಕ್ಯಾನ್ಸರ್ ವೈದ್ಯರ ನಂಬರ್ ಬರೆದ ಒಂದು ಚೀಟಿ ಮನೆಯಲ್ಲಿರಲಿ. ಅದರ ಫೋಟೊ ನಮ್ಮ ಫೋನಿನಲ್ಲೂ ಇರಲಿ. ಪ್ರತಿ ತಿಂಗಳು ಹಣ ಕಳುಹಿಸುವ ನಮಗೆ ಇದು ದೊಡ್ಡ ಕೆಲಸವೇನಲ್ಲ.