ಬಾಣಂತಿಗೆ ಕ್ಯಾನ್ಸರು ಬಂದಾಗ

ಬಾಣಂತಿಯ ಎದೆಯಲ್ಲಿ ಗಂಟು ಕಂಡರೆ ಹಾಲು ಕಟ್ಟಿತೆಂದು ಭಾವಿಸುವುದು ಸಹಜ. ಆದರೆ ಕೆಲವು ದಿನಗಳಲ್ಲಿ ಕರಗದ ಗಂಟನ್ನು ವೈದ್ಯರಿಗೆ ತೋರಿಸತಕ್ಕದ್ದು. ಕಡೂರು, ತರೀಕೆರೆ, ಅಜ್ಜಂಪುರಗಳಿಂದ ಬೆಂಗಳೂರಿಗೆ ರೈಲುಂಟು. ಅಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯುಂಟು.

ಕೀಮೋಥೆರಪಿಯ ಔಷಧವು ಎದೆಹಾಲಿಗೂ ಇಳಿಯುವುದರಿಂದ ಆ ಕಾಲದಲ್ಲಿ ಕೂಸಿಗೆ ಮೊಲೆಯೂಡುವುದನ್ನು ನಿಲ್ಲಿಸಬೇಕಾಗುವುದು. ತಾಯಿಗೆ ಇದು ರೋಗಕ್ಕಿಂತಲೂ ಹೆಚ್ಚಿನ ಸಂಕಟ. ಕೂಸಿನ ಹಿತಕ್ಕಾಗಿಯೇ ನಿಲ್ಲಿಸಿದವಳನ್ನು ಮನೆಯವರು ಯಾರೂ ಆಡಿಕೊಳ್ಳಕೂಡದೆಂದು ನಾವು ಬೇಡುತ್ತೇವೆ. ವೈದ್ಯರು ಹೇಳಿದ ಹಾಲನ್ನು, ಕುದಿನೀರಿನಲ್ಲಿ ಶುದ್ಧಮಾಡಿದ ಒಳಲೆಯಿಂದ ಅಜ್ಜಿಯಾಗಲಿ ತಂದೆಯಾಗಲಿ ಕುಡಿಸಬಹುದು. ರಾತ್ರಿಯ ಆರೈಕೆಯನ್ನೂ ಅವರೇ ವಹಿಸಿಕೊಳ್ಳಲಿ.

ಚಿಕಿತ್ಸೆಯ ನಡುವೆ ಬಾಣಂತಿಗೆ ಜ್ವರ ಬಂದರೆ, ಕಷಾಯ ಕೊಟ್ಟು ಕಾಯದೆ ಕೂಡಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕ್ಯಾನ್ಸರು ಅಂಟುರೋಗವಲ್ಲ, ಮೈಯಲ್ಲಿ ಕಸುವಿರುವಾಗಲೆಲ್ಲ ಕೂಸು ಅವಳ ಮಡಿಲಲ್ಲಿಯೇ ಮಲಗಲಿ.